ಬೆಲ್ಟ್ ಹಾಕಿದ ಜೋಳ

ಸಿಂದಗಿಯಲ್ಲಿ ನಮ್ಮ ಪಕ್ಕದ ಮನೆಯ ನಿವೃತ್ತ ಗಣಿತ ಮಾಸ್ತರರು ಸಣ್ಣದೊಂದು ಎಲೆಕ್ಟ್ರಿಕ್ ಕಾರು ಕೊಂಡಾಗ ಓಣಿಯವರೆಲ್ಲ ನೋಡಲು ಬಂದರು. "ಮಾಸ್ತರ, ಬೆಂಕಿಪೆಟ್ಟಿಗಿಗೆ ಗಾಲಿ ಹಚ್ಚೀರೇನ್ರಿ? ಲಾರಿ ಗಾಳಿಗೇ ಹಾರಿ ಹೋಗ್ತೈತಿ" ಎಂದು ಕಿರಾಣಿ ಅಂಗಡಿಯವರು ನಕ್ಕರು. ಮಾಸ್ತರರು ಕನ್ನಡಕ ಒರೆಸುತ್ತ, "ಲೆಕ್ಕ ಹಾಕೇನ್ರಿ" ಎಂದರು. ಯಾವ ಮಾತಿಗೂ ಅವರ ಉತ್ತರ ಅದೇ.

ಮರುದಿನ ಹಿಂದಿನ ಸೀಟಿನಲ್ಲಿ ಎರಡು ಚೀಲ ಜೋಳ ಬಂದು ಕೂತವು. ತೂಕವಿದ್ದರೆ ಕಾರು ರಸ್ತೆ ಬಿಡುವುದಿಲ್ಲ ಎಂಬುದು ಅವರ ಲೆಕ್ಕ. ಜೋಳ ಚೆಲ್ಲಬಾರದೆಂದು ಎರಡೂ ಚೀಲಕ್ಕೆ ಬೆಲ್ಟ್ ಹಾಕಿದ್ದರು. ತಾವು ಮಾತ್ರ ಹಾಕಿಕೊಳ್ಳುತ್ತಿರಲಿಲ್ಲ.

ಆಲಮೇಲದ ಹತ್ತಿರದ ತಮ್ಮ ಹೊಲಕ್ಕೆ ಹೋಗುವಾಗ ನನ್ನನ್ನೂ ಕಾಲೇಜಿಗೆ ಬಿಡುತ್ತಿದ್ದರು. ಒಂದು ಬೆಳಿಗ್ಗೆ ಕಬ್ಬು ಹೇರಿದ ಟ್ರ್ಯಾಕ್ಟರ್ ಹೊಲದಿಂದ ಒಮ್ಮೆಲೇ ರಸ್ತೆಗೆ ಬಂತು. ಮಾಸ್ತರರು ಬ್ರೇಕ್ ಒತ್ತಿದರೂ ಭಾರದ ಕಾರು ಜಾರುತ್ತಲೇ ಹೋಗಿ, ಕಬ್ಬಿನಿಂದ ಒಂದು ಗೇಣು ದೂರದಲ್ಲಿ ನಿಂತಿತು. ಕಣ್ಣು ಮುಚ್ಚಿದರೆ ಆ ಗೇಣು ಜಾಗ ನನಗೆ ಇಂದಿಗೂ ಕಾಣುತ್ತದೆ.

ನನ್ನನ್ನು ಬೆಲ್ಟ್ ಹಿಡಿದಿತ್ತು. ಮಾಸ್ತರರ ಹಣೆ ಸ್ಟೇರಿಂಗಿಗೆ ಬಡಿದು ಬುಗುಟೆ ಎದ್ದಿತ್ತು. ಅವರು ಮೆಲ್ಲಗೆ ಹಿಂದೆ ತಿರುಗಿದರು. ಚೀಲಗಳು ಕದಲದೆ ಕೂತಿದ್ದವು.

"ಜೋಳ ನನಗಿಂತ ಶಾಣ್ಯಾ ಅದಾವಲ್ರಿ!" ಎಂದರು.

ವಾರದ ಮೇಲೆ ಮನೆಯ ಮುಂದೆ ಹಾರ್ನ್ ಕೇಳಿತು. ನಾನು ಹೊಸ್ತಿಲಲ್ಲೇ ನಿಂತೆ. ಕಾರಿನ ಹಿಂದಿನ ಸೀಟು ಖಾಲಿಯಾಗಿತ್ತು. ಮಾಸ್ತರರು ಎದೆಯ ಮೇಲಿನ ಬೆಲ್ಟ್ ಎಳೆದು ತೋರಿಸಿದರು.

"ಹತ್ತರಿ, ಅಂಜಬ್ಯಾಡ್ರಿ. ಇವತ್ತ ನಾನೇ ಜೋಳ!"