ಅಳಿಸಿದ ಬಾಣ

ಗೆಂಡೆಹಳ್ಳಿಗೆ ನೀರು ಬಿಡುವ ರಂಗಣ್ಣ ಮೇನ್ ಸ್ವಿಚ್ ಆಫ್ ಮಾಡದೆ ಪಂಪಿಗೆ ಕೈ ಹಾಕಿದ, ಬೆರಳು ಕಳೆದುಕೊಂಡ — ಎಲ್ಲರೂ ಹೇಳುವುದು ಇದನ್ನೇ. ಈ ಮೇನ್ ಸ್ವಿಚ್ಚಿನ ಮಾತನ್ನು ಮೊದಲು ಆಡಿದವರು ಯಾರು ಎಂದು ಯಾರೂ ಕೇಳಲಿಲ್ಲ. ನಾನು. ಅದೂ ಅವಘಡದ ನಂತರ ಅಲ್ಲ, ತಿಂಗಳುಗಳ ಮೊದಲೇ. ಆ ಮೋಟರು ತಾನಾಗಿ ತಿರುಗಬಹುದೆಂದು ನನಗೆ ಗೊತ್ತಿತ್ತು, ಚಂದ್ರಕಲಾ. ಗೊತ್ತಿದ್ದೇ ಮುಚ್ಚಿಟ್ಟೆ.

ನಮ್ಮ ಕೆಲಸವನ್ನು ನಿನಗೆ ವಿವರಿಸಬೇಕಿಲ್ಲ. ಇದನ್ನು ಓದುವ ಬೇರೆಯವರಿಗಾಗಿ ಬರೆಯುತ್ತೇನೆ. ಅರಸೀಕೆರೆಯ ಆ ಸಣ್ಣ ಕಂಪನಿಯಲ್ಲಿ ನಾವಿಬ್ಬರೂ ಹಳ್ಳಿಗಳ ಕುಡಿಯುವ ನೀರಿನ ಪಂಪು ನಡೆಸುವ ಸಾಫ್ಟ್‌ವೇರ್ ಪರೀಕ್ಷಿಸುತ್ತಿದ್ದೆವು. ನಾನು ನಕ್ಷೆ ಬರೆಯುತ್ತಿದ್ದೆ — ಮೋಟರಿನ ಒಂದೊಂದು ಸ್ಥಿತಿಗೆ ಒಂದು ಚೌಕ, ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಗೆ ಒಂದು ಬಾಣ. ಆ ಬಾಣಗಳನ್ನು ಹಿಡಿದು ಕಂಪ್ಯೂಟರು ತಾನೇ ಪರೀಕ್ಷೆಗಳನ್ನು ಹುಟ್ಟಿಸುತ್ತಿತ್ತು. ಬರೆದ ಒಂದು ಬಾಣವನ್ನೂ ಅದು ಬಿಡುವುದಿಲ್ಲ. ಬರೆಯದ ಬಾಣದ ಬಗ್ಗೆ — ಅದಕ್ಕೆ ಅನುಮಾನವೇ ಬರುವುದಿಲ್ಲ.

ರಿಪೇರಿಗೆಂದು ನಿಲ್ಲಿಸಿದ ಮೋಟರು ಕರೆಂಟು ಹೋಗಿ ಬಂದರೂ ನಿಂತೇ ಇರಬೇಕು. ಆ ಬಾಣವನ್ನು ನಾನು ಬರೆದಿದ್ದೆ. ಅದರಿಂದ ಹುಟ್ಟಿದ ಪರೀಕ್ಷೆ ಸೋತಿತು: ಕರೆಂಟು ಬಂದೊಡನೆ ಸಾಫ್ಟ್‌ವೇರ್ ರಿಪೇರಿಯನ್ನು ಮರೆತು ಮೋಟರನ್ನು ಓಡಿಸಿತು. ಮರುದಿನವೇ ಸಾಫ್ಟ್‌ವೇರಿಗೆ ಒಪ್ಪಿಗೆ ಕೊಡುವ ಮೀಟಿಂಗು. ಸಾಫ್ಟ್‌ವೇರ್ ತಿದ್ದಿಸುವ ಬದಲು ಮೀಟಿಂಗಿನ ಬೆಳಿಗ್ಗೆ ಬಾಣ ಅಳಿಸಿದೆ. ಪರೀಕ್ಷೆಯೂ ಮಾಯವಾಯಿತು, ಎಲ್ಲವೂ ಪಾಸಾದಂತೆ ಪರದೆ ಪೂರ್ತಿ ಹಸಿರಾಯಿತು.

ಸಹಿ ಹಾಕಬೇಕಾದ ನೀನೊಬ್ಬಳೇ ಕೇಳಿದೆ. “ರಿಪೇರಿ ಮಾಡ್ತಿರುವಾಗ ಕರೆಂಟ್ ಹೋಗಿ ಬಂದ್ರೆ ಏನೋ ಕತೆ?”

“ಮೇನ್ ಸ್ವಿಚ್ ಆಫ್ ಮಾಡ್ದೆ ಯಾರು ಕೈ ಹಾಕ್ತಾರೆ ಕಣೇ? ಹಾಕ್ತಾರೆ ಅಂತ ನೀನೇ ಸಾಬೀತು ಮಾಡು” ಎಂದೆ.

ಎಲ್ಲರೂ ನಕ್ಕರು. “ಕಾಲೇಜಿನ ಡಿಬೇಟು ಇನ್ನೂ ಮುಗಿದಿಲ್ವೇನ್ರೀ ನಿಮ್ದು?” ಎಂದರು ಮ್ಯಾನೇಜರು. ನೀನು ನನ್ನನ್ನೇ ನೋಡುತ್ತಾ, “ಆಯ್ತು, ಗೆದ್ದೆ ಬಿಡು” ಎಂದು ಸಹಿ ಹಾಕಿದೆ.

ಕಾಲೇಜಿನಲ್ಲಿ ಚೀಟಿ ಎತ್ತಿ ಪರ–ವಿರೋಧ ಹಂಚಿಕೊಳ್ಳುತ್ತಿದ್ದೆವಲ್ಲ — ಯಾವ ಕಡೆ ಬಂದರೂ ಗೆಲ್ಲುವುದೇ ನಮ್ಮ ಹೆಮ್ಮೆ. ಅಂದು ಚೀಟಿ ಇರಲಿಲ್ಲ. ಸುಳ್ಳಿನ ಕಡೆಯನ್ನು ನಾನೇ ಆರಿಸಿಕೊಂಡೆ.

ಅವಘಡದ ನಂತರ ಕಂಪನಿಯ ಪರವಾಗಿ ನೋಡಲು ಹೋದಾಗ, ಆಸ್ಪತ್ರೆಯಲ್ಲಿ ರಂಗಣ್ಣ ಪಟ್ಟಿ ಸುತ್ತಿದ ಕೈಯನ್ನು ಎದೆಗೊತ್ತಿಕೊಂಡು ಹೇಳಿದ್ದರು: “ರಿಪೇರಿಗೆ ಹಾಕಿದ್ದೆ ಕಣಪ್ಪಾ. ತಾನಾಗೇ ತಿರುಗ್ತು. ಯಾರೂ ನಂಬಾಕಿಲ್ಲ. ನೀನಾದ್ರೂ ನೋಡಿ ಹೇಳು.”

“ನೋಡ್ತೀನಿ” ಎಂದೆ. ನೋಡುವುದೇನಿತ್ತು? ಅಜಾಗರೂಕತೆಯ ಹೆಸರಿನಲ್ಲಿ ಅವರ ನೀರುಗಂಟಿ ಕೆಲಸ ಹೋಯಿತು. ಅದೇ ವಾರ ನೀನು ಕೆಲಸ ಬಿಟ್ಟು ಬೇಲೂರಿನ ಶಾಲೆಯೊಂದರಲ್ಲಿ ಟೀಚರ್ ಆದೆ.

ಅಂದಿನಿಂದ ನನ್ನೊಡನೆ ವಾದಿಸುವವರಿಲ್ಲ. ಆಫೀಸಿನಲ್ಲಿ ನಾನೇನು ಹೇಳಿದರೂ ಹೂಂ ಅನ್ನುತ್ತಾರೆ. ರೈಲ್ವೆ ಸ್ಟೇಷನ್ ಹಿಂದಿನ ನನ್ನ ರೂಮಿನಲ್ಲಿ ಎರಡೂ ಕಡೆಯ ವಾದವನ್ನು ನಾನೇ ಹೂಡುತ್ತೇನೆ. ನಿನ್ನ ಕಡೆಯದಕ್ಕೆ ಉತ್ತರ ಸಿಗುವುದಿಲ್ಲ. ಒಮ್ಮೆ ಬೇಲೂರಿಗೆ ಟಿಕೆಟ್ ತೆಗೆದವನು ಹಳೇಬೀಡಿನಲ್ಲೇ ಇಳಿದುಬಿಟ್ಟೆ. ನಿನಗೆ ಹೇಳಲೆಂದು ಸಿದ್ಧಮಾಡಿಕೊಂಡಿದ್ದ ಮೊದಲ ವಾಕ್ಯದಲ್ಲೇ ಒಂದು ‘ಆದರೆ’ ಇತ್ತು.

ನಿನ್ನೆ ಆ ಬಾಣವನ್ನು ಮತ್ತೆ ಬರೆದೆ. ಪರೀಕ್ಷೆ ಮತ್ತೆ ಸೋತಿತು — ಅಂದರೆ ಇಷ್ಟು ವರ್ಷ ಎಷ್ಟು ಊರುಗಳಲ್ಲಿ, ಎಷ್ಟು ಕೈಗಳು… ಮ್ಯಾನೇಜರಿಗೆ ತೋರಿಸಿ, ಅಳಿಸಿದವನು ನಾನೇ ಎಂದೆ. ಪಂಪು ನಡೆಸುವವರಿಗೆಲ್ಲ ಫೋನು ಮಾಡಿ ಎಚ್ಚರಿಸುತ್ತಿದ್ದೇನೆ. ನಾಳೆ ಗೆಂಡೆಹಳ್ಳಿಗೆ ಹೋಗಿ ಪಂಚಾಯಿತಿಯವರ ಮುಂದೆ, ರಂಗಣ್ಣನ ಎದುರೇ ಹೇಳುತ್ತೇನೆ. ‘ಆದರೆ’ ಇಲ್ಲದೆ.

ಒಂದು ಮಾತ್ರ ಉಳಿದಿದೆ. ಸಹಿ ಹಾಕುವ ಮುನ್ನ ನೀನು ಯಾವಾಗಲೂ ಹಿಂದಿನ ದಿನದ ನಕ್ಷೆಯನ್ನೂ ತೆರೆದು ನೋಡುತ್ತಿದ್ದೆ. ಆ ಬಾಣ ಅದರಲ್ಲಿತ್ತು. ತಪ್ಪಿನಲ್ಲಿ ನಿನಗೆ ಪಾಲು ಕೊಡಲು ಕೇಳುತ್ತಿಲ್ಲ. ಅಂದು ಆ ಕೋಣೆಯಲ್ಲಿ ಸತ್ಯ ಗೊತ್ತಿದ್ದವನು ನಾನು ಒಬ್ಬನೇನಾ ಎಂದು ತಿಳಿಯಬೇಕು, ಅಷ್ಟೇ. ಚಂದ್ರಕಲಾ — “ಗೆದ್ದೆ ಬಿಡು” ಎಂದಾಗ ನಿನಗೆ ಗೊತ್ತಿತ್ತಾ?