ಮಾವನ ಎಲೆಗೆ ಬೀಳದ ಹೋಳಿಗೆ

ಸೊರಬದ ಮದುವೆಯೊಂದರಲ್ಲಿ ಇವತ್ತು ಬಡಿಸುವವರು "ಹೋಳಿಗೆ ಹಾಕ್ಲಾ ಸರ್?" ಎಂದರು. ಸಂಕೋಚಕ್ಕೆ ಎಲೆಗೆ ಕೈ ಅಡ್ಡ ಹಿಡಿದೆ. ಅವರು ಮುಂದೆ ಹೋಗೇಬಿಟ್ಟರು.

ಶಿಕಾರಿಪುರದ ನಮ್ಮ ಮನೆಯಲ್ಲಿ ಕೇಳಿ ಬಡಿಸುವ ಪದ್ಧತಿಯೇ ಇರಲಿಲ್ಲ. ನೆಂಟರು ಬೇಡವೆನ್ನಬೇಕು, ಅವ್ವ ಅವರ ಕೈ ಸರಿಸಿ ಹಾಕಬೇಕು. ನಾನೋ ಶಾಲೆಯಲ್ಲಿ ಆಗಷ್ಟೇ 'ಕ್ಯಾನ್ ಗಿವ್', 'ಮಸ್ಟ್ ಗಿವ್', 'ಶಲ್ ಐ ಗಿವ್' ಕಲಿತಿದ್ದೆ. ಕುಬಟೂರಿನ ಸೋದರಮಾವ ಉಣ್ಣಲು ಕುಳಿತಾಗ ಅಪ್ಪ ಹೋಳಿಗೆ ತಟ್ಟೆಯನ್ನು ನನ್ನ ಕೈಗಿತ್ತು, "ಇಂಗ್ಲಿಷ್‌ನಾಗ ಕೇಳಲೇ" ಎಂದರು.

"ಶಲ್ ಐ ಗಿವ್ ಯು?"

ಇಂಗ್ಲಿಷ್ ಬಾರದ ಮಾವ ನಾಚಿ ಎಲೆಗೆ ಕೈ ಅಡ್ಡ ಹಿಡಿದರು. ನಾನು "ಥ್ಯಾಂಕ್ಯೂ" ಎಂದು ತಟ್ಟೆ ಒಳಗೆ ಒಯ್ದೆ. ಅಪ್ಪ ಹೆಮ್ಮೆಯಿಂದ ನಕ್ಕರು.

ಹೊರಡುವಾಗ ಮಾವ, "ಹೋಳಿಗೆ ಚಲೋ ಆಗಿತ್ತು ತಂಗಿ" ಎಂದರು. ತಟ್ಟೆ ತುಂಬಿದ್ದಂತೆಯೇ ವಾಪಸು ಬಂದದ್ದನ್ನು ಕಂಡಿದ್ದ ಅವ್ವ ತಲೆ ಎತ್ತಲಿಲ್ಲ.

ಇವತ್ತು ಕೈ ತೊಳೆಯುವಾಗ ಮದುವೆಮನೆಯವರು "ಊಟ ಹೆಂಗಾತ್ರೀ?" ಎಂದರು.

"ಹೋಳಿಗೆ ಚಲೋ ಆಗಿತ್ತು" ಎಂದೆ. ಮುಖ ಎತ್ತಲಾಗಲಿಲ್ಲ.