ಬಿಸಿಲು ತಿಂದ ತೋಳು

ಭಾನುವಾರ ಬೆಳಿಗ್ಗೆ ಮಗಳು ಬೀರುವಿನ ಬಾಗಿಲು ಎಳೆದದ್ದೇ ತಡ, ಒಳಗಿದ್ದ ಬಟ್ಟೆಯೆಲ್ಲ ಅವಳ ಕಾಲ ಮೇಲೆ ಉರುಳಿತು. ಉರುಳದೆ ಏನು ಮಾಡೀತು? ಬೆಳಗಿನ ಬಸ್ಸಿಗೆ ಜನ ತುಂಬಿದ ಹಾಗೆ ತುಂಬಿದ್ದರು. ಕೆಲಸ ಸಿಕ್ಕಿ ಹಾಸ್ಟೆಲ್ ಬಿಟ್ಟು ಮನೆಗೆ ಬಂದಿದ್ದ ಹುಡುಗಿಗೆ ತನ್ನ ಬಟ್ಟೆ ಇಡಲು ಒಂದು ಖಾನೆ ಬೇಕಿತ್ತು. ಅಷ್ಟಕ್ಕೇ ಬಿಡದೆ ಫೋನಿನಲ್ಲಿ ಯಾರೋ ಹೇಳಿದ್ದನ್ನೂ ಕೇಳಿಕೊಂಡು ಕೂತಿದ್ದಳು. ಮನುಷ್ಯ ಈಗ ಏನಾಗಿದ್ದಾನೋ ಅದಕ್ಕೆ ತಕ್ಕ ಬಟ್ಟೆ ಮಾತ್ರ ಬೀರುವಿನಲ್ಲಿ ಇರಬೇಕಂತೆ, ಮಿಕ್ಕಿದ್ದೆಲ್ಲ ಚೀಲಕ್ಕಂತೆ.

ಅಪ್ಪ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದ. ನಿಂತಿದ್ದ ಅನ್ನುವುದೂ ತಪ್ಪು. ಹೊರಗೆ ಹೋಗುತ್ತಿದ್ದ, ಒಳಗೆ ಬರುತ್ತಿದ್ದ. ಕುರ್ಚಿಯಲ್ಲಿ ಕೂತರೆ ಯಾರೋ ಅಡ್ಡ ಬಂದರೇನೋ ಎಂಬಂತೆ ಬಲಗಾಲು ತನ್ನಷ್ಟಕ್ಕೆ ನೆಲ ಒತ್ತುತ್ತಿತ್ತು. ಸಿಟಿ ಬಸ್ಸಿನ ಡ್ರೈವರನ ಕಾಲು ಅದು. ಬೀದಿಯವರು ಅವನನ್ನು ಕರೆಯುವುದು ಹಾರನ್ ಎಂದು. ಅವನು ಮನೆಯೊಳಗೆ ಬಾಯಿ ತೆರೆದರೆ ಬೀದಿಯಲ್ಲಿ ಸೈಕಲ್ಲುಗಳು ಪಕ್ಕಕ್ಕೆ ಸರಿಯುತ್ತವೆ ಎಂದು ಕ್ಷೌರದ ಅಂಗಡಿಯವನು ಕಟ್ಟಿದ ತಮಾಷೆ ಹೆಸರಾಗಿ ಅಂಟಿಕೊಂಡಿತ್ತು.

ಮಗಳು ಒಂದೊಂದನ್ನೇ ಎತ್ತಿ ಹಿಡಿದು, ಇದು ಈಗ ಬೇಕಾ ಎಂದು ಕೇಳುತ್ತ ಹೋದಳು. ಸೊಂಟಕ್ಕೇರದ ಪ್ಯಾಂಟುಗಳು ಚೀಲ ಸೇರಿದವು. ಮದುವೆಯ ಕೋಟನ್ನು ಮುಕ್ಕಾಲು ಪಾಲು ಹುಳವೇ ತಿಂದು ಮುಗಿಸಿತ್ತು. ಅತ್ತೆ ಹೆಣೆದುಕೊಟ್ಟ ಸ್ವೆಟರಿಗೆ ಒಂದು ತೋಳು ಉದ್ದ, ಒಂದು ಗಿಡ್ಡ. ಅದು ಚೀಲಕ್ಕೆ ಬಿದ್ದಾಗ ಹೆಂಡತಿ ತನ್ನ ಅಮ್ಮನ ಪರವಾಗಿ ಒಂದು ನಿಟ್ಟುಸಿರು ಬಿಟ್ಟಳು, ಅಷ್ಟೆ. ಅಲ್ಲಿಯವರೆಗೆ ನಗುನಗುತ್ತಲೇ ನಡೆಯಿತು. ಆಮೇಲೆ ಖಾಕಿ ಅಂಗಿಗಳ ಕಟ್ಟು ಬಂತು.

"ಇಷ್ಟೊಂದು ಖಾಕಿ ಯಾಕಪ್ಪ? ಹೊಸವು ಎರಡು ಇರ್ಲಿ, ಹಳೇವು ತೆಗೀತೀನಿ."

"ಅದನ್ನ ಮುಟ್ಟಿದ್ರೆ ನೋಡು!"

ಬೀದಿಯಲ್ಲಿ ನಿಜವಾಗಿಯೂ ಒಂದು ಸೈಕಲ್ಲು ಗಂಟೆ ಬಾರಿಸಿತು. ಮಗಳ ಕೈಯಲ್ಲಿದ್ದ ಅಂಗಿ ಕೈಯಲ್ಲೇ ಉಳಿಯಿತು. ಹಳೆಯ ಅಂಗಿಗೆ ಇಷ್ಟು ಸಿಟ್ಟೇಕೆ ಎಂದು ಅವಳಿಗೆ ಅರ್ಥವಾಗಲಿಲ್ಲ.

ಸಿಟ್ಟು ಅಂಗಿಯದ್ದಲ್ಲ, ಹೆದರಿಕೆಯದ್ದು. ಬೇಸಿಗೆಗೆ ಮುಂಚೆ ನಡೆದ ಕಣ್ಣಿನ ಪರೀಕ್ಷೆಯಲ್ಲಿ ಅವನ ಎಡಗಣ್ಣಿನ ಅಂಚು ಮಸುಕಾಗಿದೆ, ಕನ್ನಡಕ ಹಾಕಿದರೂ ಸರಿಹೋಗುವಂಥದ್ದಲ್ಲ ಎಂದು ತಿಳಿದಿತ್ತು. ಡಿಪೋದ ಸಾಹೇಬರು ಒಳ್ಳೆಯ ಮಾತಿನಲ್ಲೇ ಸ್ಟಿಯರಿಂಗ್ ಬಿಡಿಸಿ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರಿಸಿದರು. ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಹೇಳುವ ಕೆಲಸ. ಅಲ್ಲಿ ಬಿಳಿ ಅಂಗಿ ಹಾಕಬೇಕು. ಮನೆಯಲ್ಲಿ ಅವನು ತುಟಿ ಬಿಚ್ಚಲಿಲ್ಲ. ದಿನಾ ಖಾಕಿಯಲ್ಲಿ ಹೊರಟು, ನಿಲ್ದಾಣದ ಹಿಂದಿನ ಕೋಣೆಯಲ್ಲಿ ಬಿಳಿ ಅಂಗಿ ತೊಟ್ಟು, ಸಂಜೆ ಮತ್ತೆ ಖಾಕಿಯಾಗಿ ಮನೆಗೆ ಬರುತ್ತಿದ್ದ. ಬಿಳಿಯದನ್ನು ಬಸ್ಸು ತೊಳೆಯುವ ನಲ್ಲಿಯಲ್ಲಿ, ಬಸ್ಸು ತೊಳೆಯುವ ಸೋಪಿನಲ್ಲೇ ಒಗೆದುಕೊಳ್ಳುತ್ತಿದ್ದ.

ಇಷ್ಟೆಲ್ಲ ಪಾಡು ಯಾಕೆಂದರೆ, ಹಿಂದೆ ಆ ಕಿಟಕಿಯಲ್ಲಿ ಕೂರುತ್ತಿದ್ದ ಮುದುಕನಿಗೆ 'ಕಿಟಕಿ ಗಿಳಿ' ಎಂದು ಹೆಸರಿಟ್ಟವನು ಇವನೇ. ಕೇಳಿದವರಿಗೆಲ್ಲ ಅದದೇ ಪಾಠ ಒಪ್ಪಿಸುವ ಗಿಳಿ ಎಂದು ಕ್ಷೌರದ ಅಂಗಡಿಯಲ್ಲಿ ಕೂತು, ಕತ್ತು ಓರೆ ಮಾಡಿ ನಟಿಸಿ ತೋರಿಸಿ, ಜನ ಹೊಟ್ಟೆ ಹಿಡಿದುಕೊಳ್ಳುವ ಹಾಗೆ ನಗಿಸಿದ್ದ. ಈಗ ಆ ಹೆಸರು ಬಾಯಿ ತೆರೆದು ಬೀದಿಯ ತಿರುವಿನಲ್ಲಿ ತನಗಾಗಿಯೇ ಕಾದಿದೆ ಎಂದು ಅವನಿಗೆ ಗೊತ್ತಿತ್ತು. ಹಾರನ್ ಅಂದರೆ ಸಹಿಸಬಹುದು, ಹಾರನ್ನಿಗೆ ಬಸ್ಸಾದರೂ ಇರುತ್ತದೆ.

ಹೆಂಡತಿ ಎದ್ದು, ಪಕ್ಕದ ಮನೆಯಿಂದ ಇನ್ನೊಂದು ಚೀಲ ತರಲು ಮಗಳನ್ನು ಕಳಿಸಿದಳು. ಬೇಕಾದಷ್ಟು ಚೀಲ ಮನೆಯಲ್ಲೇ ಇದ್ದವು. ಅಡುಗೆಮನೆಯ ಬಾಗಿಲ ಹಿಂದೆ ಅವು ನೇತಾಡುವುದು ಅವನಿಗೆ ಕಾಣುತ್ತಲೂ ಇತ್ತು. ಹೆಂಡತಿ ಹಳೆಯ ಖಾಕಿಯೊಂದನ್ನೂ ಹೊಸದೊಂದನ್ನೂ ಮಂಚದ ಮೇಲೆ ಹಾಸಿದಳು.

"ರೀ, ಬನ್ನಿ ಇಲ್ಲಿ. ಈ ಹಳೇದರ ಬಲತೋಳು ನೋಡಿ. ಕಿಟಕಿ ಬಿಸಿಲು ತಿಂದು ಬೂದಿ ಬಣ್ಣ ಬಂದಿದೆ. ಎಡತೋಳಿನ ಖಾಕಿ ಹಂಗೇ ಇದೆ. ಇಷ್ಟು ವರ್ಷ ಒಗೆದಿದೀನಿ, ಎಲ್ಲಾ ಅಂಗೀದೂ ಹಿಂಗೇ. ಬೆನ್ನು ಸೀಟಿಗೆ ಉಜ್ಜಿ ಉಜ್ಜಿ ಸವೆದಿರುತ್ತೆ."

ಅವನ ಬಲಗಾಲು ನೆಲ ಒತ್ತಿತು.

"ಈ ಹೊಸದನ್ನ ಬೇಸಿಗೆಪೂರ್ತಿ ಹಾಕಿದೀರಿ. ಎರಡೂ ತೋಳು ಅಕ್ಕತಂಗಿ ಹಂಗೆ ಒಂದೇ ಥರ. ಬೆನ್ನಲ್ಲಿ ಬೆವರಿನ ಉಪ್ಪಿಲ್ಲ, ಕಾಲರಲ್ಲಿ ಕೊಳೆಯಿಲ್ಲ. ಜೇಬಿನ ಮೇಲೆ ಮಾತ್ರ ದಿನಾ ಒಂದು ಚುಕ್ಕೆ ಗ್ರೀಸು, ಮಗೂಗೆ ದೃಷ್ಟಿಬೊಟ್ಟು ಇಟ್ಟ ಹಂಗೆ. ಜೇಬಿನಿಂದ ಯಾರ್ರೀ ಬಸ್ಸು ರಿಪೇರಿ ಮಾಡ್ತಾರೆ?"

ಆ ಗ್ರೀಸನ್ನು ಅವನು ಜಾಣತನವೆಂದುಕೊಂಡು ತಾನೇ ಬೆರಳಲ್ಲಿ ಸವರಿಕೊಳ್ಳುತ್ತಿದ್ದ. ನಾಚಿಕೆಗೆ ಮುಖ ಕಾದ ಇಂಜಿನ್ನಿನಂತಾಯಿತು. ಬೈಯಬೇಕೆಂದು ಬಾಯಿ ತೆರೆದ. ಯಾರನ್ನು ಬೈಯುವುದೆಂದು ಹೊಳೆಯಲಿಲ್ಲ. ಕೊನೆಗೆ ಮಂಚದ ಅಂಚಿನಲ್ಲಿ ಕೂತು, ಕಣ್ಣಿನ ಸಂಗತಿ, ಕಿಟಕಿ, ಬಿಳಿ ಅಂಗಿ, ಗಿಳಿ ಎಲ್ಲವನ್ನೂ ಗೊಣಗುತ್ತ ಹೇಳಿದ. ಅಷ್ಟು ಸಣ್ಣ ದನಿ ಅವನ ಗಂಟಲಿನಲ್ಲಿ ಇತ್ತೆಂದು ಅವಳಿಗೂ ಗೊತ್ತಿರಲಿಲ್ಲ.

"ಗೊತ್ತಿದ್ದೂ ಯಾಕೆ ಕೇಳ್ಲಿಲ್ಲ ನೀನು?"

"ನೀವೇ ಹೇಳ್ತೀರಿ ಅಂತ ಕಾದೆ. ಕಾದೂ ಕಾದೂ ಸಾಕಾಯ್ತು. ಬೀರು ತೆಗೆಯೇ ಅಂತ ಮಗಳಿಗೆ ಹೇಳಿದ್ದು ನಾನೇ."

ಮಗಳು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಕೇಳಿಸಿಕೊಂಡಳೋ, ಹಳೆಯ ಖಾಕಿಗಳತ್ತ ಕೈ ಚಾಚಿದಳು. ಹೆಂಡತಿ ತಡೆದಳು.

"ಅವಲ್ಲ ಕಣೇ. ಹೊಸವು ಎರಡೂ ಚೀಲಕ್ಕೆ ಹಾಕು, ಅವು ಸುಳ್ಳು ಹೇಳಿದಾವೆ. ಬಿಸಿಲು ತಿಂದದ್ದರಲ್ಲಿ ಒಂದು ಇರ್ಲಿ."

ಹಾರನ್ ತಾನೇ ಎದ್ದು ಆರಿಸಿದ. ತೋಳು ಪೂರ್ತಿ ಬೆಳ್ಳಗಾದ, ಗುಂಡಿ ಕಿತ್ತ ಒಂದನ್ನು ಮಡಿಸಿ ಮೇಲಿನ ಖಾನೆಯ ಮೂಲೆಯಲ್ಲಿಟ್ಟ. ಆಮೇಲೂ ಕೂರಲಾಗಲಿಲ್ಲ. ರಜೆಯ ದಿನವೇ ನಿಲ್ದಾಣಕ್ಕೆ ಹೋಗಿ ಬಿಳಿ ಅಂಗಿಗಳನ್ನು ಪೇಪರಿನಲ್ಲಿ ಸುತ್ತಿ ತಂದ. ಹೆಂಡತಿ ಬಿಡಿಸಿ ನೋಡಿ, ಇದು ಬಿಳಿಯೋ ಪಾತ್ರೆ ತೊಳೆದ ನೀರೋ ಎಂದು ಕೇಳಿ, ಬಕೆಟಿನಲ್ಲಿ ನೆನೆಹಾಕಿದಳು.

ಮಾರನೆಯ ಬೆಳಿಗ್ಗೆ ಬಿಳಿ ಅಂಗಿ ತೊಟ್ಟು ಮೆಟ್ಟಿಲು ಇಳಿದ. ಎರಡು ಸಲ ಹಿಂದಕ್ಕೆ ಬಂದ, ಒಮ್ಮೆ ಊಟದ ಡಬ್ಬಿಗೆಂದು, ಒಮ್ಮೆ ಸುಮ್ಮನೆ. ಹಿಂದಿನ ಓಣಿಯಿಂದ ಹೋದರೆ ಕ್ಷೌರದ ಅಂಗಡಿ ಸಿಗುವುದಿಲ್ಲ ಎಂದು ಕಾಲುಗಳು ಹೇಳಿದವು. ಕಾಲುಗಳನ್ನೂ ಬೈದು, ಮುಂದಿನ ಬೀದಿಗೇ ನಡೆದ.

"ಏನಯ್ಯಾ ಹಾರನ್, ಬೆಳ್ಳಗೆ ಹೊರಟಿದೀಯ, ಯಾರ ಮದುವೆ?" ಗಿರಾಕಿಯ ಕೆನ್ನೆಗೆ ಸೋಪು ಬಳಿಯುತ್ತಲೇ ಕ್ಷೌರದವನು ಕೇಳಿದ.

"ಮದುವೆಯೂ ಇಲ್ಲ, ಮುಂಜಿಯೂ ಇಲ್ಲ. ಕಿಟಕಿ ಗಿಳಿ ಕೆಲಸಕ್ಕೆ ಹೊರಟಿದೆ."

ದನಿ ಜೋರಾಗಿಯೇ ಬಂತು. ಬೀದಿಯೆಲ್ಲ ಕೇಳಿತು. ಸೋಪಿನ ಬ್ರಷ್ಷು ಗಾಳಿಯಲ್ಲಿ ನಿಂತಿತು. ಕ್ಷೌರದವನು ಅವನ ಅಂಗಿ ನೋಡಿದ, ಕಣ್ಣು ನೋಡಿದ, ಏನೋ ಲೆಕ್ಕ ಹಾಕಿದವನಂತೆ ತಲೆ ಅಲ್ಲಾಡಿಸಿದ.

"ಹಂಗಾದ್ರೆ ಒಂದು ಹೇಳಪ್ಪ ಗಿಳಿರಾಯ. ನಮ್ಮ ಬೆಳಗಿನ ಬಸ್ಸು ದಿನಾ ಯಾಕೆ ಲೇಟು?"

"ಈಗ ನಾನು ಓಡಿಸ್ತಿಲ್ವಲ್ಲ, ಅದಕ್ಕೆ."

ಅಂದವನು ನಿಲ್ಲಲಿಲ್ಲ. ಬೆನ್ನ ಹಿಂದೆ ನಗು ಸಿಡಿಯಿತು. ತನ್ನ ಮೇಲೋ ಬಸ್ಸಿನ ಮೇಲೋ ಎಂದು ತಿರುಗಿ ನೋಡಬೇಕೆನಿಸಿತು. ನೋಡದೆ ನಡೆದ, ಬೇಗ ಬೇಗ.